ಲೇಸ್ ಶಾಲು ಹೆಣೆಯುವಾಗ ತಪ್ಪಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶನಿವಾರ ಮಧ್ಯಾಹ್ನ ನಮ್ಮ ಮನೆಯ ಜಗಲಿಯಲ್ಲಿ ನಾಲ್ಕೈದು ಜನ ಕಡ್ಡಿ, ಉಲ್ಲನ್ ಹಿಡಿದು ಕೂರುತ್ತೇವೆ. ಸ್ವೆಟರ್, ಟೋಪಿ ಹಾಕುವವರೆಗೂ ಯಾರಿಗೂ ಯಾವ ಅನುಮಾನವೂ ಇರುವುದಿಲ್ಲ, ಮಾತೆಲ್ಲ ಮಕ್ಕಳದು, ತರಕಾರಿ ಬೆಲೆಯದು. ಒಬ್ಬರು ತೂತುತೂತಿನ ವಿನ್ಯಾಸದ ಲೇಸ್ ಶಾಲು ಶುರು ಮಾಡಿದರೋ, ಮುಗಿಯಿತು. "ಇಲ್ಲಿ ನೋಡಿ, ಇದೇನೋ ಆಗಿಹೋಗಿದೆ" ಎಂದು ಅಳುಮುಖ ಮಾಡಿಕೊಂಡು ಬರುತ್ತಾರೆ. ವರ್ಷಗಳಿಂದ ಕೇಳಿಸಿಕೊಂಡ ಪ್ರಶ್ನೆಗಳು ಇವು. ಉತ್ತರಗಳಲ್ಲಿ ಅರ್ಧದಷ್ಟನ್ನು ನಾನು ಶಾಲು ಕೆಡಿಸಿಕೊಂಡೇ ಕಲಿತದ್ದು.

ಸ್ವೆಟರ್‌ನಲ್ಲಿ ಒಂದು ಕುಣಿಕೆ ಹೆಚ್ಚುಕಡಿಮೆಯಾದರೆ ಯಾರಿಗೂ ಗೊತ್ತಾಗಲ್ಲ. ಲೇಸ್‌ನಲ್ಲಿ ಮಾತ್ರ ಯಾಕೆ ಇಷ್ಟು ರಂಪ?

ಚುಕ್ಕಿ ರಂಗೋಲಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 15 ಚುಕ್ಕಿಯಿಂದ 8ಕ್ಕೆ ಇಳಿಸುವಾಗ ಯಾವುದೋ ಸಾಲಿನಲ್ಲಿ ಒಂದು ಚುಕ್ಕಿ ಬಿಟ್ಟುಹೋದರೆ ಆ ಕ್ಷಣಕ್ಕೆ ಏನೂ ಅನ್ನಿಸುವುದಿಲ್ಲ. ಗೆರೆ ಎಳೆಯುತ್ತ ಮೂರನೇ ಮೂಲೆಗೆ ಬಂದಾಗ ಹೂವು ಮುಚ್ಚಿಕೊಳ್ಳುವುದೇ ಇಲ್ಲ. ಲೇಸ್ ಕೂಡ ಹಾಗೆಯೇ. ಕಡ್ಡಿಗೆ ನೂಲನ್ನು ಒಂದು ಸುತ್ತು ಹಾಕಿದರೆ (ಯಾರ್ನ್ ಓವರ್) ಒಂದು ತೂತು ಬರುತ್ತದೆ, ಒಂದು ಕುಣಿಕೆ ಹೆಚ್ಚುತ್ತದೆ. ಅದನ್ನು ಸರಿದೂಗಿಸಲು ಎಲ್ಲೋ ಪಕ್ಕದಲ್ಲಿ ಎರಡು ಕುಣಿಕೆಗಳನ್ನು ಸೇರಿಸಿ ಒಂದಾಗಿ ಹೆಣೆಯಬೇಕು. ಶೆಟ್‌ಲ್ಯಾಂಡ್ ದ್ವೀಪಗಳ ಹಳೆಯ ವಿನ್ಯಾಸ ಓಲ್ಡ್ ಶೇಲ್ ತೆಗೆದುಕೊಳ್ಳಿ. ಅದರ ಒಂದು ಆವರ್ತನೆಗೆ (ಮತ್ತೆ ಮತ್ತೆ ಬರುವ ವಿನ್ಯಾಸದ ಒಂದು ತುಂಡಿಗೆ) 18 ಕುಣಿಕೆ. ಮೂರು ಸಲ ಎರಡೆರಡು ಸೇರಿಸಬೇಕು, ಆರು ಸಲ ಸುತ್ತು ಹಾಕಿ ಒಂದೊಂದು ಹೆಣೆಯಬೇಕು, ಮತ್ತೆ ಮೂರು ಸಲ ಎರಡೆರಡು ಸೇರಿಸಬೇಕು. ಆರು ಹೋಯಿತು, ಆರು ಬಂತು, ಮತ್ತೆ 18. ಒಂದು ಸುತ್ತು ಮರೆತಿರೋ, ಮುಂದಿನ ಆವರ್ತನೆ ಒಂದು ಮನೆ ಸರಿದು ನಿಲ್ಲುತ್ತದೆ, ಅದರ ಮುಂದಿನದೂ ಸರಿಯುತ್ತದೆ.

ಹಾಗಾಗಿ ನಾನು ಲೇಸ್‌ನ ತಪ್ಪುಗಳಲ್ಲಿ ಎರಡೇ ಜಾತಿ ಎಣಿಸುತ್ತೇನೆ. ಒಂದು ಲೆಕ್ಕದ ತಪ್ಪು, ಇನ್ನೊಂದು ನೋಟದ ತಪ್ಪು. ಕುಣಿಕೆಯ ಸಂಖ್ಯೆ ಕೆಟ್ಟಿದ್ದರೆ ಅದು ಲೆಕ್ಕದ್ದು, ಸರಿಮಾಡದೆ ಮುಂದೆ ಹೋಗುವ ಹಾಗಿಲ್ಲ. ಸಂಖ್ಯೆ ಸರಿಯಿದ್ದು ವಿನ್ಯಾಸದ ಎಲೆ ಬಲಕ್ಕೆ ವಾಲುವ ಬದಲು ಎಡಕ್ಕೆ ವಾಲಿದ್ದರೆ ಅದು ನೋಟದ್ದು. ಅದನ್ನು ಏನು ಮಾಡಬೇಕೆಂಬುದು ನಿಮಗೆ ಬಿಟ್ಟದ್ದು.

ಸಾಲಿನ ಕೊನೆಗೆ ಬಂದೆ, ಎರಡು ಕುಣಿಕೆ ಕಡಿಮೆ. ಎಲ್ಲಿಂದ ಹುಡುಕಲಿ?

ಮೊದಲು ಮತ್ತೊಮ್ಮೆ ಎಣಿಸಿ. ನಿಜವಾಗಿ ಹೇಳುತ್ತಿದ್ದೇನೆ. ತೆಳು ನೂಲಿನಲ್ಲಿ ಯಾರ್ನ್ ಓವರ್ ಪಕ್ಕದ ಕುಣಿಕೆಯ ಮೇಲೆ ಹತ್ತಿ ಮಲಗಿರುತ್ತದೆ, ಗುರುತಿಗೆಂದು ಕಡ್ಡಿಗೆ ಹಾಕಿದ ಮಾರ್ಕರ್ ರಿಂಗಿನ ಕೆಳಗೆ ಅಡಗಿರುತ್ತದೆ. ಎರಡೆರಡರಂತೆ ಒಮ್ಮೆ ಎಣಿಸಿ, ಕಡ್ಡಿಯ ಆ ತುದಿಯಿಂದ ಇನ್ನೊಮ್ಮೆ ಎಣಿಸಿ. ಎರಡೂ ಲೆಕ್ಕ ಒಂದೇ ಬಂದರೆ ಮಾತ್ರ ಗಾಬರಿಯಾಗಲು ನಿಮಗೆ ಹಕ್ಕಿದೆ.

ಆಮೇಲೆ ಕೆಲಸವನ್ನು ತೊಡೆಯ ಮೇಲಿಂದ ತೆಗೆದು ಮೇಜಿನ ಮೇಲೆ ಹರಡಿ. ಬಿಳಿ ಶಾಲಾದರೆ ಕೆಳಗೆ ಕಪ್ಪು ಬಟ್ಟೆ ಹಾಸಿ, ಕಪ್ಪು ಶಾಲಾದರೆ ಬಿಳಿ ಪಂಚೆ. ಪ್ರತಿ ಆವರ್ತನೆಯ ನಡುವೆ ಮಾರ್ಕರ್ ಹಾಕಿದ್ದರೆ ಒಂದೊಂದೇ ಕೋಣೆ ಎಣಿಸುತ್ತ ಹೋಗಿ. ಎಲ್ಲದರಲ್ಲೂ 18 ಇದ್ದು ಒಂದರಲ್ಲಿ 16 ಇದ್ದರೆ ಕಳ್ಳ ಅಲ್ಲೇ ಇದ್ದಾನೆ. ಒಂದರಲ್ಲಿ 17, ಪಕ್ಕದ್ದರಲ್ಲಿ 19 ಬಂದರೆ ತಪ್ಪೇ ಆಗಿಲ್ಲ. ಮಾರ್ಕರ್ ಪಕ್ಕದ ಯಾರ್ನ್ ಓವರ್ ಆಚೆಗೆ ಜಾರಿದೆ ಅಷ್ಟೆ, ಎತ್ತಿ ಈಚೆ ಹಾಕಿ. ಒಂದು ಎಚ್ಚರಿಕೆ ಮಾತ್ರ: ಕೆಲವು ವಿನ್ಯಾಸಗಳಲ್ಲಿ ನಡುವಿನ ಸಾಲುಗಳಲ್ಲಿ ಸಂಖ್ಯೆ ಬೇಕೆಂದೇ ಏರಿಳಿಯುತ್ತದೆ, ಇನ್ನೆರಡು ಸಾಲು ಆದ ಮೇಲೆ ಸರಿಹೋಗುತ್ತದೆ. ಚಾರ್ಟಿನ (ಒಂದು ಕುಣಿಕೆಗೆ ಒಂದು ಚೌಕದಂತೆ ಬರೆದ ವಿನ್ಯಾಸದ ನಕ್ಷೆ) ಆ ಸಾಲಿನ ಚೌಕಗಳನ್ನು ಎಣಿಸಿ ನೋಡಿದ ಮೇಲೇ ತೀರ್ಮಾನಕ್ಕೆ ಬನ್ನಿ.

ಮೇಲಿನಿಂದ ಕೆಳಕ್ಕೆ ಬೆಳೆಯುವ ತ್ರಿಕೋನ ಶಾಲಿಗೆ ಇನ್ನೂ ಸುಲಭದ ದಾರಿಯಿದೆ. ಸಾಮಾನ್ಯವಾಗಿ ಮುಂಬದಿಯ ಒಂದೊಂದು ಸಾಲಿಗೆ 4 ಕುಣಿಕೆ ಹೆಚ್ಚುತ್ತದೆ. 7 ಕುಣಿಕೆಯಿಂದ ಶುರು ಮಾಡಿದ್ದರೆ 100 ಸಾಲು ಮುಗಿಯುವ ಹೊತ್ತಿಗೆ ಮುಂಬದಿಯವು 50 ಆಗಿರುತ್ತವೆ, ಅಂದರೆ 7 ಮತ್ತು 200, ಒಟ್ಟು 207. ಇಂಥ ಶಾಲಿನಲ್ಲಿ ಸಾಲು ಮುಗಿದಾಗ ಸಮಸಂಖ್ಯೆ ಬರುವುದೇ ಇಲ್ಲ. 206 ಬಂತೆಂದರೆ ಚಾರ್ಟ್ ನೋಡುವ ಮೊದಲೇ ತಪ್ಪಾಗಿದೆ ಎಂದು ಗೊತ್ತಾಯಿತು. ನಡುವಿನ ಬೆನ್ನುಹುರಿಯ ಕುಣಿಕೆಯನ್ನು ಬಿಟ್ಟು ಎರಡೂ ಪಕ್ಕ ಎಣಿಸಿ, 103 ಮತ್ತು 103 ಇರಬೇಕು. ಇಲ್ಲದ ಪಕ್ಕವನ್ನು ಹುಡುಕಿ, ಇನ್ನೊಂದು ಪಕ್ಕವನ್ನು ಮುಟ್ಟಲೇಬೇಡಿ.

ಹುಡುಕದೆ ಬಿಚ್ಚುವುದು ಎಲ್ಲರೂ ಮಾಡುವ ದೊಡ್ಡ ತಪ್ಪು. ಎರಡು ಸಾಲು ಬಿಚ್ಚಿ, ತಪ್ಪು ಇನ್ನೂ ಕೆಳಗಿತ್ತು ಎಂದು ತಿಳಿದು, ಬಿಚ್ಚಿದ ಎರಡು ಸಾಲಿನಲ್ಲಿ ಹೊಸದಾಗಿ ಇನ್ನೆರಡು ತಪ್ಪು ಮಾಡಿಕೊಂಡವರನ್ನು ಜಗಲಿಯ ಮೇಲೇ ಕಂಡಿದ್ದೇನೆ.

ಹಿಂದಿನ ಸಾಲಿನಲ್ಲಿ ಯಾರ್ನ್ ಓವರ್ ಹಾಕುವುದನ್ನೇ ಮರೆತಿದ್ದೇನೆ. ಅಲ್ಲಿವರೆಗೂ ಬಿಚ್ಚಬೇಕಾ?

ಬೇಡ. ಈಗಿನ ಸಾಲಿನಲ್ಲಿ ಆ ಜಾಗಕ್ಕೆ ಬಂದಾಗ ಎರಡು ಕುಣಿಕೆಗಳ ನಡುವೆ ಅಡ್ಡ ಮಲಗಿರುವ ಎಳೆಯನ್ನು ಎಡಗಡ್ಡಿಯ ತುದಿಯಿಂದ ಮುಂದಿನಿಂದ ಹಿಂದಕ್ಕೆ ಎತ್ತಿಕೊಳ್ಳಿ. ಅದೇ ನಿಮ್ಮ ಯಾರ್ನ್ ಓವರ್. ತೂತು ಸ್ವಲ್ಪ ಬಿಗಿಯಾಗಿ ಬರುತ್ತದೆ, ಶಾಲನ್ನು ನೆನೆಸಿ ಎಳೆದು ಒಣಗಿಸಿದ ಮೇಲೆ ಯಾವುದದು ಎಂದು ನಿಮಗೇ ಸಿಗುವುದಿಲ್ಲ. ಮೂರ್ನಾಲ್ಕು ಸಾಲು ಮೇಲೆ ಹೋಗಿದ್ದರೆ ಈ ಉಪಾಯ ನಡೆಯದು, ಮುಂದಿನ ಪ್ರಶ್ನೆ ನೋಡಿ. ಒಂದು ಸುತ್ತು ಹೆಚ್ಚಾಗಿದ್ದರೆ ಇನ್ನೂ ಸುಲಭ. ಮುಂದಿನ ಸಾಲಿನಲ್ಲಿ ಅದನ್ನು ಕಡ್ಡಿಯಿಂದ ಬೀಳಿಸಿಬಿಡಿ, ಸಡಿಲ ಅಕ್ಕಪಕ್ಕಕ್ಕೆ ಹಂಚಿಹೋಗುತ್ತದೆ.

ತಪ್ಪು ಹತ್ತು ಹದಿನೈದು ಸಾಲು ಕೆಳಗಿದೆ. ಒಂದು ಎಲೆಗೋಸ್ಕರ ಇಡೀ ಶಾಲು ಬಿಚ್ಚಬೇಕಾ?

ಆ ಎಲೆಯೊಂದನ್ನೇ ಬಿಚ್ಚಬಹುದು. ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಆದರೆ ಆಗುವ ಕೆಲಸ.

ನನ್ನ ಅತ್ತಿಗೆಗೆಂದು ಬೂದು ಬಣ್ಣದ ಶಾಲು ಹಾಕುತ್ತಿದ್ದೆ. 100 ಗ್ರಾಂಗೆ ಸುಮಾರು 800 ಮೀಟರ್ ಬರುವ ತೆಳು ಉಲ್ಲನ್. ಸಂಜೆ ಬೆಳಕಿಗೆ ಹಿಡಿದು ನೋಡಿದರೆ ಸಾಲಾಗಿ ನಿಂತ ಎಲೆಗಳಲ್ಲಿ ಒಂದಕ್ಕೆ ಮಾತ್ರ ನಡುನರ ಇಲ್ಲ. ಮೂರು ಕುಣಿಕೆ ಸೇರಿಸುವಾಗ ನಡುವಿನದು ಮೇಲೆ ಬರಬೇಕಿತ್ತು, ನಾನು ಪಕ್ಕದ್ದನ್ನು ಮೇಲೆ ತಂದಿದ್ದೆ, 14 ಸಾಲು ಕೆಳಗೆ. ಆ ಎಲೆಯ 11 ಕುಣಿಕೆಗಳನ್ನು ಬಿಟ್ಟು ಎರಡೂ ಕಡೆಯ ಕುಣಿಕೆಗಳು ಜಾರದಂತೆ ಕಡ್ಡಿಗೆ ರಬ್ಬರ್ ಬ್ಯಾಂಡ್ ಸುತ್ತಿದೆ. ಮಿಕ್ಸಿ ಡಬ್ಬದಲ್ಲಿ ಬಂದಿದ್ದ ಥರ್ಮಾಕೋಲಿನ ಮೇಲೆ ಶಾಲನ್ನು ಗುಂಡುಸೂಜಿಯಿಂದ ಚುಚ್ಚಿ ಕೂರಿಸಿ, ಆ 11ನ್ನು ಕಡ್ಡಿಯಿಂದ ಬೀಳಿಸಿ ಒಂದೊಂದೇ ಸಾಲು ಬಿಚ್ಚುತ್ತ ಇಳಿದೆ. ಪ್ರತಿ ಸಾಲಿಗೂ ಒಂದು ಉದ್ದದ ಎಳೆ ಸಡಿಲವಾಗಿ ಬಂತು. ಎಲ್ಲವನ್ನೂ ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ಜೋಡಿಸಿ ಸೂಜಿ ಚುಚ್ಚಿದೆ. ಎಣಿಸಿದಾಗ 14 ಸಿಕ್ಕಿತು, ಎಲ್ಲಾ ಇದೆ.

ಇನ್ನು ಎರಡೂ ತುದಿ ಚೂಪಿರುವ ಗಿಡ್ಡ ಕಡ್ಡಿ, ಒಂದು ಸೈಜು ಸಣ್ಣದು. ಕೆಳಗಿನ ಎಳೆಯಿಂದ ಶುರು, ಒಂದು ಎಳೆಗೆ ಒಂದು ಸಾಲು, ಚಾರ್ಟಿನಲ್ಲಿ ಆ 11 ಚೌಕಗಳನ್ನು ಬಿಟ್ಟು ಉಳಿದದ್ದನ್ನು ಕಾಗದದಿಂದ ಮುಚ್ಚಿಕೊಂಡಿದ್ದೆ. ಮೊದಲ ಸಲ ಐದನೇ ಎಳೆಯ ಬದಲು ಆರನೆಯದನ್ನು ಹಿಡಿದು ಮತ್ತೆ ಬಿಚ್ಚಿದ್ದಾಯಿತು. ಅಷ್ಟರಲ್ಲಿ ಒಲೆಯ ಮೇಲಿನ ಕುಕ್ಕರ್ ಮೂರಕ್ಕೆ ನಿಲ್ಲಬೇಕಿದ್ದದ್ದು ಏಳು ಸೀಟಿ ಹೊಡೆದಿತ್ತು. ಎರಡೂವರೆ ಗಂಟೆ ಹಿಡಿಯಿತು. ಮುಗಿದಾಗ ಎಲೆಯ ಬಲ ಅಂಚು ಬಿಗಿ, ಎಡ ಅಂಚು ಜೋಲು. ಕಡ್ಡಿ ಮೊನೆಯಿಂದ ಒಂದೊಂದೇ ಕುಣಿಕೆ ಎಳೆದು ಸಡಿಲವನ್ನು ಹಂಚಿದೆ. ಇಡೀ ಶಾಲು 14 ಸಾಲು ಬಿಚ್ಚಿದ್ದರೆ ಮೂರು ಸಂಜೆ ಹೋಗುತ್ತಿತ್ತು.

ಇದಕ್ಕೆ ಒಂದೇ ಷರತ್ತು. ಬೀಳಿಸುವ ತುಂಡಿನ ಎರಡೂ ಅಂಚಿನಲ್ಲಿ ಸಾದಾ ಕುಣಿಕೆ ನೇರವಾಗಿ ಕೆಳಗಿನವರೆಗೂ ಇಳಿದಿರಬೇಕು. ಎಲೆಗಳು ಒಂದರೊಳಗೊಂದು ಹೊಕ್ಕು, ಸೇರಿಸುವ ಕುಣಿಕೆ ಗಡಿ ದಾಟುವ ವಿನ್ಯಾಸವಾದರೆ ಈ ಸಾಹಸಕ್ಕೆ ಇಳಿಯಬೇಡಿ.

ಲೈಫ್‌ಲೈನ್ ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ಹಾಕುವುದು ಹೇಗೆ, ಯಾವ ದಾರ?

ಸಾಲು ಸರಿಯಾಗಿದೆ ಎಂದು ಎಣಿಸಿ ಖಾತ್ರಿ ಮಾಡಿಕೊಂಡ ಮೇಲೆ, ಮೊಂಡುತುದಿಯ ದಪ್ಪ ಸೂಜಿಗೆ ಬೇರೆ ಬಣ್ಣದ ದಾರ ಪೋಣಿಸಿ, ಕಡ್ಡಿಯ ಮೇಲಿರುವ ಎಲ್ಲ ಕುಣಿಕೆಗಳ ಒಳಗಿಂದ ಹಾಯಿಸಿ ಹಾಗೇ ಬಿಡುವುದು. ಮುಂದೆ ಏನೇ ಕೆಟ್ಟರೂ ಧೈರ್ಯವಾಗಿ ಕಡ್ಡಿ ಎಳೆದು ಬಿಚ್ಚಬಹುದು, ದಾರದ ಬಳಿ ಬಂದು ತಾನೇ ನಿಲ್ಲುತ್ತದೆ. ವಿನ್ಯಾಸವಿಲ್ಲದ ಹಿಂಬದಿಯ ಸಾಲಿನಲ್ಲಿ ಹಾಕಿ, ಕುಣಿಕೆಗಳನ್ನು ಮತ್ತೆ ಕಡ್ಡಿಗೇರಿಸುವುದು ಅಲ್ಲಿ ಸುಲಭ. ದಾರ ಮಾರ್ಕರ್ ರಿಂಗಿನೊಳಗೆ ಹೋಗಬಾರದು, ಹೋದರೆ ರಿಂಗು ಅಲ್ಲೇ ಬಂದಿ. ಸಾಲಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದಿಡಿ. ಮುಂದಿನ ದಾರ ಹಾಕುವವರೆಗೂ ಹಳೆಯದನ್ನು ತೆಗೆಯಬೇಡಿ. ತುದಿ ಬದಲಿಸುವ ಕೆಲವು ಸರ್ಕ್ಯುಲರ್ ಕಡ್ಡಿಗಳ (ವೈರಿನಿಂದ ಜೋಡಿಸಿದ ಜೋಡಿ ಕಡ್ಡಿ) ಕೀಲಿನಲ್ಲಿ ಪುಟ್ಟ ತೂತಿರುತ್ತದೆ. ಅದರಲ್ಲಿ ದಾರ ಪೋಣಿಸಿಟ್ಟರೆ ಹೆಣೆಯುತ್ತ ಹೋದಂತೆ ತಾನೇ ಹಾಯ್ದುಕೊಳ್ಳುತ್ತದೆ.

ದಾರದ ವಿಷಯದಲ್ಲಿ ನಾನು ಪ್ರಯೋಗ ಮಾಡದ್ದು ಯಾವುದೂ ಇಲ್ಲ. ಹೂ ಕಟ್ಟುವ ನೂಲು ಜುಂಗು ಬಿಟ್ಟು ಉಲ್ಲನ್ನಿಗೆ ಅಂಟಿಕೊಳ್ಳುತ್ತದೆ. ಸೀರೆಗೆ ಫಾಲ್ ಹೊಲಿಯುವ ದಾರ ತೀರಾ ತೆಳು, ಕುಣಿಕೆಯೊಳಗೆ ಹೂತು ಕಾಣುವುದೇ ಇಲ್ಲ. ಹೊಳಪಿನ ಕ್ರೋಶಾ ದಾರ ಹೇಳಿ ಮಾಡಿಸಿದ್ದು. ಬಣ್ಣ ಬಿಡದ್ದನ್ನೇ ಆರಿಸಿ. ಬಿಳಿ ಶಾಲಿಗೆ ಕೆಂಪು ದಾರ ಹಾಕಿ, ತೆಗೆಯಲು ಮರೆತು ನೀರಿಗಿಟ್ಟು, ನಡುವೆ ಕುಂಕುಮದ ಗೆರೆ ಮೂಡಿದ ಒಂದು ಶಾಲು ಈಗಲೂ ನಮ್ಮ ಬೀರುವಿನಲ್ಲಿದೆ.

ಎಷ್ಟು ಸಾಲಿಗೊಮ್ಮೆ? ಎಷ್ಟು ಸಾಲು ಬಿಚ್ಚಿದರೆ ನಿಮಗೆ ಅಳು ಬರುವುದಿಲ್ಲವೋ ಅಷ್ಟಕ್ಕೊಮ್ಮೆ. ನನಗದು ಒಂದು ಪೂರ್ತಿ ಆವರ್ತನೆ.

ಕಡ್ಡಿಯಿಂದ ಕುಣಿಕೆ ಜಾರಿ ಕೆಳಗೆ ಓಡುತ್ತಿದೆ! ಏನು ಮಾಡಲಿ?

ಉಸಿರು ಬಿಗಿಹಿಡಿದು ಒಂದು ಸೇಫ್ಟಿ ಪಿನ್ ಹಾಕಿ. ಓಟ ನಿಂತಿತು. ಈಗ ನೋಡಿ: ಯಾರ್ನ್ ಓವರ್‌ನಿಂದ ಹುಟ್ಟಿದ ಕುಣಿಕೆಯಾದರೆ ಆ ತೂತಿನವರೆಗೆ ಇಳಿದು ನಿಲ್ಲುತ್ತದೆ, ಅದರ ಕೆಳಗೆ ಅದಕ್ಕೆ ಬುಡವೇ ಇಲ್ಲ. ಎರಡು ಸೇರಿಸಿದ ಜಾಗ ದಾಟಿ ಇಳಿದಿದ್ದರೆ ಒಂದರ ಬದಲು ಎರಡು ಕುಣಿಕೆ ಬಿಚ್ಚಿಕೊಂಡಿರುತ್ತವೆ. ಎರಡನ್ನೂ ಹಿಡಿದು, ಆ ಸಾಲಿನ ಎಳೆಯನ್ನು ಕ್ರೋಶಾ ಕಡ್ಡಿಯಿಂದ ಎರಡರೊಳಗೂ ಒಟ್ಟಿಗೆ ಎಳೆಯಿರಿ. ಕುರಿ ಉಲ್ಲನ್ನಾದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಕಾಯುತ್ತವೆ. ರೇಷ್ಮೆ ಕಾಯುವುದಿಲ್ಲ. ರೇಷ್ಮೆ ನೂಲಿಗೆ ಸ್ಟೀಲ್ ಕಡ್ಡಿ ಬಿಟ್ಟು ಬಿದಿರಿನ ಕಡ್ಡಿ ಬಳಸಿದರೆ ಅರ್ಧ ತಾಪತ್ರಯ ತಪ್ಪುತ್ತದೆ.

ಟಿಂಕ್ ಮಾಡು, ಫ್ರಾಗ್ ಮಾಡು ಎಂದರೇನು?

ನಿಟ್ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿದರೆ ಟಿಂಕ್. ಅಂದರೆ ಕಡ್ಡಿಯ ಮೇಲಿಟ್ಟುಕೊಂಡೇ ಒಂದೊಂದು ಕುಣಿಕೆಯಾಗಿ ಹಿಂದಕ್ಕೆ ಬಿಚ್ಚುವುದು. ಕಡ್ಡಿಯನ್ನೇ ಎಳೆದು ಸರಸರ ಬಿಚ್ಚುವುದು ಫ್ರಾಗ್. ಬಿಚ್ಚು ಎಂಬ ಅರ್ಥದ 'ರಿಪ್ ಇಟ್' ಇಂಗ್ಲಿಷಿನವರ ಕಿವಿಗೆ ಕಪ್ಪೆ ಕೂಗಿದಂತೆ ಕೇಳುತ್ತದಂತೆ. ನಮ್ಮ ಕಪ್ಪೆಗಳು ವಟಗುಟ್ಟುವುದರಿಂದ ಕನ್ನಡದಲ್ಲಿ ಈ ತಮಾಷೆ ಹುಟ್ಟಲಿಲ್ಲ. ಒಂದು ಸಾಲಿನೊಳಗಿನ ತಪ್ಪಿಗೆ ಟಿಂಕ್, ಲೈಫ್‌ಲೈನ್ ಇದ್ದರೆ ಮಾತ್ರ ಫ್ರಾಗ್.

ಬಿಚ್ಚಿ ಕಡ್ಡಿಗೆ ಏರಿಸಿದ ಮೇಲೆ ಕೆಲವು ಕುಣಿಕೆ ತಿರುಚಿಕೊಂಡಂತೆ ಕಾಣುತ್ತವೆ.

ಕುಣಿಕೆಗೆ ಎರಡು ಕಾಲು. ಬಲಗಾಲು ಕಡ್ಡಿಯ ಮುಂದಿರಬೇಕು. ಹಿಂದಿದ್ದರೆ ಉಲ್ಟಾ ಏರಿದೆ ಎಂದರ್ಥ. ಏರಿಸುವಾಗ ಹೇಗಾದರೂ ಏರಿಸಿ, ಜಾರದಿರುವುದೇ ಮುಖ್ಯ. ಹೆಣೆಯುವಾಗ ಒಂದೊಂದನ್ನೂ ನೋಡಿ ತಿರುಗಿಸಿಕೊಂಡರಾಯಿತು.

ಮೊಹೇರ್ ಬಿಚ್ಚಲು ಬರುತ್ತಿಲ್ಲ, ಎಳೆದರೆ ಗಂಟಾಗುತ್ತಿದೆ.

ಮೊಹೇರ್ ಎಂದರೆ ಮೇಕೆ ಕೂದಲಿನ ನೂಲು, ಅದರ ರೋಮಗಳು ಒಂದನ್ನೊಂದು ತಬ್ಬಿಕೊಂಡಿರುತ್ತವೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಂದು ಗಂಟೆ ಫ್ರೀಜರಿನಲ್ಲಿಟ್ಟು ತೆಗೆದು ಬಿಚ್ಚಿದರೆ ನನಗೆ ಸ್ವಲ್ಪ ಸುಲಭವಾಗಿದೆ. (ಮನೆಯವರು ಐಸ್‌ಕ್ರೀಂ ಎಂದುಕೊಂಡು ಕವರ್ ಬಿಚ್ಚದಂತೆ ನೋಡಿಕೊಳ್ಳಿ.) ಎಳೆಯಬೇಡಿ, ಸಿಕ್ಕಿಕೊಂಡ ಕಡೆ ಚಿಕ್ಕ ಕತ್ತರಿಯ ಮೊನೆಯಿಂದ ರೋಮ ಮಾತ್ರ ಕತ್ತರಿಸಿ. ಮೊದಲ ಲೇಸ್ ಶಾಲಿಗೆ ಮೊಹೇರ್ ಆರಿಸಿಕೊಂಡವರಿಗೆ ನಾನು ಬೇಡವೆಂದೇ ಹೇಳುತ್ತೇನೆ, ಯಾರೂ ಕೇಳುವುದಿಲ್ಲ.

ಚಾರ್ಟ್ ತಪ್ಪಿದೆಯೋ ನಾನೇ ತಪ್ಪಿದ್ದೇನೋ ಗೊತ್ತಾಗುತ್ತಿಲ್ಲ.

ಹತ್ತಕ್ಕೆ ಒಂಬತ್ತು ಸಲ ನಾವೇ. ಕನ್ನಡವನ್ನು ಎಡದಿಂದ ಬಲಕ್ಕೆ ಓದಿ ಅಭ್ಯಾಸವಾದ ಕಣ್ಣಿಗೆ ಚಾರ್ಟ್ ಉಲ್ಟಾ: ಮುಂಬದಿಯ ಸಾಲನ್ನು ಬಲದಿಂದ ಎಡಕ್ಕೆ, ಹಿಂಬದಿಯದನ್ನು ಎಡದಿಂದ ಬಲಕ್ಕೆ, ಕೆಳಗಿನಿಂದ ಮೇಲಕ್ಕೆ ಓದಬೇಕು. ಸುತ್ತಲೂ ಹೆಣೆಯುವುದಾದರೆ ಎಲ್ಲವೂ ಬಲದಿಂದಲೇ. ಎರಡನೆಯದು ಬೂದು ಚೌಕ. ಅಲ್ಲಿ ಕುಣಿಕೆಯೇ ಇಲ್ಲ, ಚಿತ್ರ ಸರಿಯಾಗಿ ಕೂರಲೆಂದು ಬಿಟ್ಟ ಖಾಲಿ ಜಾಗ ಅಷ್ಟೆ, ದಾಟಿ ಹೋಗಿ. ಮೂರನೆಯದು, ಸಾಲಿನ ಗುರುತಿಗೆ ಅಂಟುಚೀಟಿಯನ್ನು ಈಗ ಹೆಣೆಯುವ ಸಾಲಿನ ಕೆಳಗೆ ಅಂಟಿಸುವುದು. ಮೇಲೆ ಅಂಟಿಸಿ. ಮುಗಿದ ಸಾಲುಗಳು ಕಣ್ಣಿಗೆ ಕಾಣುತ್ತಿದ್ದರೆ, ಈ ತೂತು ಕೆಳಗಿನ ಯಾವ ತೂತಿನ ಪಕ್ಕ ಬರಬೇಕು ಎಂದು ಕಡ್ಡಿಯ ಮೇಲಿರುವುದಕ್ಕೆ ಹೋಲಿಸಬಹುದು. ಈ ಒಂದು ಅಭ್ಯಾಸ ನನ್ನ ತಪ್ಪುಗಳನ್ನು ಎಷ್ಟು ಕಡಿಮೆ ಮಾಡಿತೆಂದರೆ, ಮೊದಲೇ ಯಾರಾದರೂ ಹೇಳಿಕೊಡಬಾರದಿತ್ತೇ ಎಂದು ಬೇಜಾರಾಯಿತು.

ಉಳಿದ ಆ ಒಂದು ಸಲ ಚಾರ್ಟೇ ತಪ್ಪಿರುತ್ತದೆ. ಸಾಲಿನಲ್ಲಿರುವ ಯಾರ್ನ್ ಓವರ್‌ಗಳನ್ನೂ ಕಡಿಮೆ ಮಾಡುವ ಗುರುತುಗಳನ್ನೂ ಎಣಿಸಿ ತಾಳೆ ನೋಡಿ. ಮೂರು ಸೇರಿಸಿ ಒಂದು ಮಾಡುವ ಗುರುತು ಎರಡನ್ನು ಕಳೆಯುತ್ತದೆ ಎಂಬುದು ನೆನಪಿರಲಿ. ವಿನ್ಯಾಸಕಾರರು ತಿದ್ದುಪಡಿ ಪ್ರಕಟಿಸಿರುವುದುಂಟು, ಶುರು ಮಾಡುವ ಮೊದಲೇ ಹುಡುಕಿ ನೋಡಿ.

ಎಸ್ಟೋನಿಯಾ ಶಾಲಿನ ನಪ್‌ಗಳಲ್ಲಿ ಒಂದನ್ನು ಹಾಕಲು ಮರೆತೆ.

ಎಸ್ಟೋನಿಯಾದ ಸಮುದ್ರತೀರದ ಊರು ಹಾಪ್ಸಲುವಿನ ಶಾಲುಗಳಲ್ಲಿ ಸಾಬೂದಾನಿಯಂತೆ ಉಬ್ಬಿರುವ ಗುಂಡುಗಳಿರುತ್ತವಲ್ಲ, ಅವೇ ನಪ್. ಒಂದೇ ಕುಣಿಕೆಯಲ್ಲಿ ಐದೋ ಏಳೋ ಕುಣಿಕೆ ಸಡಿಲವಾಗಿ ಎಬ್ಬಿಸಿ, ಮರುಸಾಲಿನಲ್ಲಿ ಎಲ್ಲವನ್ನೂ ಒಟ್ಟಿಗೆ ಪರ್ಲ್ (ಉಲ್ಟಾ ಹೆಣಿಗೆ) ಮಾಡಬೇಕು. ನಪ್‌ನಲ್ಲಿ ಹೊರಟ ಐದೂ ಮತ್ತೆ ಒಂದಾಗುವುದರಿಂದ ಮರೆತರೂ ಲೆಕ್ಕ ಕೆಡುವುದಿಲ್ಲ, ಅಪ್ಪಟ ನೋಟದ ತಪ್ಪು. ಶಾಲು ಮುಗಿದ ಮೇಲೆ ಅದೇ ನೂಲಿನಿಂದ ಆ ಜಾಗದಲ್ಲಿ ನಾಲ್ಕೈದು ಸಲ ಸುತ್ತಿ ಕಸೂತಿಯಂತೆ ಗುಂಡು ಹೊಲಿದರೆ ಸಾಕು. ಒಟ್ಟಿಗೆ ಹೆಣೆಯುವಾಗ ಐದರಲ್ಲಿ ಒಂದು ತಪ್ಪಿಸಿಕೊಂಡು ಹಿಂದೆ ಕಿವಿಯಂತೆ ನಿಂತಿದ್ದರೆ ಅದನ್ನು ಮಾತ್ರ ಕೂಡಲೇ ದಾರದಿಂದ ಕಟ್ಟಿ.

ಬ್ಲಾಕಿಂಗ್ ಮಾಡಿದರೆ ಎಲ್ಲ ಸರಿಹೋಗುತ್ತದಂತೆ, ಹೌದಾ?

ಬ್ಲಾಕಿಂಗ್ ಎಂದರೆ ಶಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಟವೆಲಿನಲ್ಲಿ ಸುತ್ತಿ ನೀರು ಹಿಂಡಿ, ಹಾಸಿಗೆಯ ಮೇಲೆ ಬಿಗಿಯಾಗಿ ಎಳೆದು ಗುಂಡುಸೂಜಿ ಚುಚ್ಚಿ ಒಣಗಿಸುವುದು. ಬಿಗಿ ಸಡಿಲಗಳ ಏರುಪೇರು, ಎತ್ತಿಕೊಂಡ ಯಾರ್ನ್ ಓವರ್, ಏಣಿ ಹತ್ತಿಸಿದ ಎಲೆ ಎಲ್ಲವನ್ನೂ ಅದು ಮುಚ್ಚಿಹಾಕುತ್ತದೆ. ಲೆಕ್ಕದ ತಪ್ಪನ್ನು ಮಾತ್ರ ಇನ್ನೂ ಎತ್ತಿ ತೋರಿಸುತ್ತದೆ: ಮುದುಡಿದಾಗ ಅಡಗಿದ್ದ ಸೊಟ್ಟ ಸಾಲು, ಎಳೆದಾಗ ಎದ್ದು ಕಾಣುತ್ತದೆ. ಅನುಮಾನವಿದ್ದರೆ ಅರ್ಧದಲ್ಲೇ ಕುಣಿಕೆಗಳನ್ನು ಉದ್ದ ದಾರಕ್ಕೆ ವರ್ಗಾಯಿಸಿ ಒಮ್ಮೆ ಹರಡಿ ಎಳೆದು ನೋಡಿ. ಇದೆಲ್ಲ ಉಲ್ಲನ್ ಮತ್ತು ರೇಷ್ಮೆಯ ಮಾತು. ನಮ್ಮ ಅಂಗಡಿಗಳಲ್ಲಿ ಉಲ್ಲನ್ ಎಂದು ಕೇಳಿದರೆ ಕೊಡುವುದು ಹೆಚ್ಚಾಗಿ ಅಕ್ರಿಲಿಕ್. ಅದು ನೀರಿಗೆ ಜಗ್ಗುವುದಿಲ್ಲ, ಹಬೆಗೆ ಜಗ್ಗುತ್ತದೆ, ಜಗ್ಗಿದ ಮೇಲೆ ಹಿಂದಕ್ಕೆ ಬರುವುದಿಲ್ಲ.

ತಪ್ಪನ್ನು ಹಾಗೇ ಬಿಟ್ಟರೆ ಆಗುವುದಿಲ್ಲವೇ?

ನೋಟದ ತಪ್ಪಾದರೆ ಧಾರಾಳವಾಗಿ ಬಿಡಿ. ಮದುವೆ ಮನೆಯಲ್ಲಿ ಎದುರು ಪಂಕ್ತಿಯಲ್ಲಿ ಊಟಕ್ಕೆ ಕೂತವರಿಗೆ ಕಾಣುತ್ತದೆಯೇ ಎಂಬುದು ನನ್ನ ಪರೀಕ್ಷೆ. ಕಾಣದಿದ್ದರೆ ಅದು ದೃಷ್ಟಿಬೊಟ್ಟು. ಆದರೆ ಬೆನ್ನುಹುರಿಯ ಮೇಲಿನ ತಪ್ಪು, ಮುಖದ ಹತ್ತಿರ ಬರುವ ಅಂಚಿನ ತಪ್ಪು ಬಿಡಬೇಡಿ. ಹೊದೆದಾಗಲೆಲ್ಲ ನಿಮ್ಮ ಕೈ ಅಲ್ಲಿಗೇ ಹೋಗುತ್ತದೆ. ಇನ್ನೊಂದು ವಿಷಯ: ಶಾಲು ಕೊಡುವಾಗ ತಪ್ಪನ್ನು ತೋರಿಸಿ ಕೊಡಬೇಡಿ. ನಾನು ಅತ್ತಿಗೆಗೆ ಆ ಎಲೆಯ ಕಥೆ ಹೇಳಿದೆ. "ಯಾವ ಎಲೆ ಕಣೇ, ತೋರಿಸು" ಎಂದು ಅವರು ಹಟ ಹಿಡಿದರು. ಹುಡುಕಿದರೆ ನನಗೇ ಸಿಗಲಿಲ್ಲ, ಅವರು ನಂಬಲಿಲ್ಲ.

ಎಲ್ಲ ಮುಗಿಸಿ ಒಣಗಿಸಿದ ಮೇಲೆ ಒಂದು ಕುಣಿಕೆ ಜಾರಿ ನಿಂತಿರುವುದು ಕಂಡಿತು.

ಅದೇ ನೂಲಿನ ಅಂಗೈಯುದ್ದದ ತುಂಡು ತೆಗೆದುಕೊಂಡು, ಕುಣಿಕೆಯನ್ನು ಹಿಂಬದಿಗೆ ತಂದು ಪಕ್ಕದ ಕುಣಿಕೆಗೆ ಕಟ್ಟಿ, ತುದಿಗಳನ್ನು ಹೆಣಿಗೆಯೊಳಗೆ ಹೊಲಿದು ಅಡಗಿಸಿ. ಹತ್ತು ನಿಮಿಷದ ಕೆಲಸ, ನಾಳೆಗೆ ಹಾಕಿದರೆ ಓಡುತ್ತದೆ. ಇದಕ್ಕೆಂದೇ ಪ್ರತಿ ಶಾಲಿನ ಉಳಿದ ನೂಲಿನಲ್ಲಿ ಒಂದೆರಡು ಮೀಟರ್ ಎತ್ತಿಡುತ್ತೇನೆ.

ಬೇಸರ ಬಂದು ಮೂರು ತಿಂಗಳಿನಿಂದ ಚೀಲದಲ್ಲೇ ಬಿಟ್ಟಿದ್ದೇನೆ. ಮತ್ತೆ ಹಿಡಿಯುವುದು ಹೇಗೆ?

ರಾತ್ರಿ ಒಂಬತ್ತರ ಮೇಲೆ ಹಿಡಿಯಬೇಡಿ. ಹಗಲು ಬೆಳಕಿನಲ್ಲಿ ಹರಡಿ, ಮೊದಲ ದಿನ ಬರೀ ಎಣಿಸಿ, ಯಾವ ಸಾಲಿನಲ್ಲಿದ್ದೀರಿ ಎಂದು ಪತ್ತೆಹಚ್ಚಿ ಒಂದು ಲೈಫ್‌ಲೈನ್ ಹಾಕಿ ಮಡಚಿಡಿ. ಹೆಣೆಯುವುದು ಮರುದಿನ. ಇನ್ನೂ ಮನಸ್ಸು ಬರದಿದ್ದರೆ ಸಾಲಿನ ಸಂಖ್ಯೆ, ಕುಣಿಕೆಯ ಸಂಖ್ಯೆ, ಕಡ್ಡಿಯ ಸೈಜು ಮೂರನ್ನೂ ಚೀಟಿಯಲ್ಲಿ ಬರೆದು ಶಾಲಿಗೇ ಪಿನ್ ಮಾಡಿ, ಹುಳ ಹತ್ತದಂತೆ ಬಿಗಿಮುಚ್ಚಳದ ಡಬ್ಬಕ್ಕೆ ಹಾಕಿ. ಆ ಶಾಲಿನ ಕಡ್ಡಿಯನ್ನು ಮಾತ್ರ ಬೇರೆ ಸ್ವೆಟರಿಗೆಂದು ಎಳೆದುಕೊಳ್ಳಬೇಡಿ.